ಒಂದೇ ಕೈ, ಎರಡು ಕೆಲಸ: ಹುಡಿನಿಗೂ ಸಿಗದ ಎಲೆ ಮತ್ತು ನಮ್ಮಜ್ಜಿ

ಬಸ್ಸಲ್ಲಿ ನಿಂತು ಕೇಳ್ತಿದ್ದೀರೋ, ರಾತ್ರಿ ಲೈಟ್ ಆರಿಸಿ ಮಲಗಿಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಸ್ವಾಗತ. ಇವತ್ತಿನ ಎಪಿಸೋಡ್ ಒಂದು ಕಟ್ಟು ಇಸ್ಪೀಟ್ ಎಲೆಗಳ ಬಗ್ಗೆ. ಆಟದ ಬಗ್ಗೆ ಅಲ್ಲ, ಕಾರ್ಡ್ ಮ್ಯಾಜಿಕ್ ಬಗ್ಗೆ. ಆದ್ರೆ ಜೂಜಿನ ಮಾತು ಬಿಟ್ಟು ಕಾರ್ಡ್ ಮ್ಯಾಜಿಕ್‌ನ ಇತಿಹಾಸ ಹೇಳೋಕೆ ಆಗಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡ್ತೀನಿ. ನಮ್ಮೂರು ತಿಪಟೂರಿನ ಹತ್ತಿರ. ಸುತ್ತ ತೆಂಗಿನ ತೋಟ, ವರ್ಷದ ಲೆಕ್ಕವೆಲ್ಲ ಕೊಬ್ಬರಿ ಮೇಲೆ. ನಾನು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ನಮ್ಮ ತಾತ ಕೊಬ್ಬರಿ ಮಾರಿ ತಂದ ದುಡ್ಡನ್ನ ಜಗಲಿ ಮೇಲೆ ಇಸ್ಪೀಟಾಡಿ ಕಳೆದರಂತೆ. ಒಂದು ಸಲ ಅಲ್ಲ. ಕೊನೆಗೆ ಕೆರೆ ಪಕ್ಕದ ತೋಟವೇ ಹೋಯ್ತು. ಅವತ್ತಿಂದ ನಮ್ಮಜ್ಜಿಯ ಕಾನೂನು ಒಂದೇ: ಹೊಸಿಲು ದಾಟಿ ಇಸ್ಪೀಟ್ ಎಲೆ ಒಳಗೆ ಬರಬಾರದು. ನಮ್ಮನೇಲಿ ಎಲೆ ಅಂದ್ರೆ ಒಂದೋ ವೀಳ್ಯದೆಲೆ, ಇಲ್ಲ ಊಟದ ಎಲೆ. ಮೂರನೇ ಎಲೆಯ ಮಾತೇ ಇಲ್ಲ.

ಇಂಥ ಮನೇಲಿ ಹುಟ್ಟಿದ ನನಗೆ ಲಾಕ್‌ಡೌನ್ ಟೈಮಲ್ಲಿ ಕಾರ್ಡ್ ಮ್ಯಾಜಿಕ್ ಹುಚ್ಚು ಹಿಡೀತು. ಬಿಕಾಂ ಮುಗಿದಿತ್ತು, ಬೆಂಗಳೂರಿನ ಪಿಜಿ ರೂಮು, ಕೈಯಲ್ಲಿ ಫೋನು. ಯೂಟ್ಯೂಬ್ ನೋಡಿ ಎರಡು ತಿಂಗಳಲ್ಲಿ ನಲವತ್ತು ಟ್ರಿಕ್ ಕಲಿತೆ. ಕಲಿತೆ ಅಂದ್ರೆ ಗುಟ್ಟು ತಿಳ್ಕೊಂಡೆ, ಅಷ್ಟೇ. ರೂಮ್‌ಮೇಟ್ ಮುಂದೆ ಕೂತು ಒಂದಾದ ಮೇಲೆ ಒಂದು ಐದು ಟ್ರಿಕ್ ಮಾಡಿದೆ. ಅವನು ಸೌಜನ್ಯಕ್ಕೆ ನೋಡಿದ. ಕೊನೆಗೆ, "ಸರಿ ಮಗಾ, ಏನೋ ಮಾಡ್ದೆ. ಈಗ ಊಟಕ್ಕೆ ಹೋಗಣ" ಅಂದ.

ಟ್ರಿಕ್ ಎಲ್ಲಾ ಸರಿಯಾಗೇ ಆಗಿತ್ತು. ಆದ್ರೂ ಅವನಿಗೆ ಒಂದು ಚೂರೂ ಖುಷಿಯಾಗಿರಲಿಲ್ಲ. ಹಾಗಾದ್ರೆ ತಪ್ಪಿದ್ದು ಎಲ್ಲಿ? ಇದನ್ನ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇವತ್ತಿನ ಕಥೆ.

ಮೋಸಗಾರನ ಪಠ್ಯಪುಸ್ತಕ

1902. ಅಮೆರಿಕದ ಷಿಕಾಗೊದಲ್ಲಿ ಒಂದು ಪುಸ್ತಕ ಬರುತ್ತೆ. ಹೆಸರು 'ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್'. ಬರೆದವನ ಹೆಸರು ಎಸ್. ಡಬ್ಲ್ಯೂ. ಅರ್ಡ್‌ನೇಸ್. ಇದು ನಿಜವಾದ ಹೆಸರಲ್ಲ. ನೂರಿಪ್ಪತ್ತು ವರ್ಷ ದಾಟಿದ್ರೂ ಆ ಮನುಷ್ಯ ಯಾರು ಅನ್ನೋ ಬಗ್ಗೆ ಜಾದೂಗಾರರು ಇನ್ನೂ ವಾದ ಮಾಡ್ತಾನೇ ಇದ್ದಾರೆ. ಪುಸ್ತಕ ಯಾಕೆ ಬರೆದೆ ಅಂತ ಅವನು ಶುರುವಿನಲ್ಲೇ ನಾಚಿಕೆ ಇಲ್ಲದೆ ಒಪ್ಕೊಳ್ತಾನೆ: ದುಡ್ಡು ಬೇಕಾಗಿತ್ತು.

ಈ ಪುಸ್ತಕದಲ್ಲಿ ಎರಡು ಭಾಗ. ಮೊದಲನೇದು ಜೂಜಿನ ಮೇಜಿನ ಕೈಚಳಕ, ಅಂದ್ರೆ ನೇರವಾಗಿ ಮೋಸ. ಎರಡನೇದು ಜಾದೂ, ಅಂದ್ರೆ ಮನರಂಜನೆ. ಒಂದೇ ರಟ್ಟಿನೊಳಗೆ ಕಳ್ಳನೂ ಕಲಾವಿದನೂ.

ಮೊದಲ ಭಾಗದ ಒಂದು ಕೆಲಸ ಹೇಳ್ತೀನಿ, ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ. ಅದು ಅಡಿಯಿಂದ ಎಲೆ ಎಳೆಯೋದು. ಮೋಸಗಾರ ಒಳ್ಳೇ ಎಲೆಗಳನ್ನ ಕಟ್ಟಿನ ಅಡಿಯಲ್ಲಿ ಉಳಿಸ್ಕೊಂಡಿರ್ತಾನೆ. ಎಲ್ಲರಿಗೂ ಮೇಲಿನಿಂದ ಹಂಚ್ತಾನೆ. ತನ್ನ ಸರದಿ ಬಂದಾಗ ಮಾತ್ರ, ಮೇಲಿನ ಎಲೆ ತೆಗೆದ ಹಾಗೇ ಕೈ ಆಡಿಸಿ, ಅಡಿಯದನ್ನ ಎಳ್ಕೋತಾನೆ. ಚೆನ್ನಾಗಿ ಮಾಡಿದ್ರೆ ಎರಡೂ ಒಂದೇ ಥರ ಕಾಣುತ್ತೆ.

ಕೆನಡಾದ ಒಟ್ಟಾವಾದಲ್ಲಿ ಒಬ್ಬ ಹುಡುಗ ಈ ಪುಸ್ತಕವನ್ನ ಬಾಯಿಪಾಠ ಮಾಡಿಬಿಟ್ಟ. ಅವನು ಹುಟ್ಟಿದ್ದು 1894ರಲ್ಲಿ. ಅವನ ಹೆಸರು ಡೇವಿಡ್ ವರ್ನರ್. ಮುಂದೆ ಜಗತ್ತು ಅವನನ್ನ ಕರೆದದ್ದು ಡೈ ವರ್ನನ್ ಅಂತ.

ಮತ್ತೆ ಮತ್ತೆ ನೋಡಿದ ಹುಡಿನಿ

ಈಗ 1922ರ ಫೆಬ್ರವರಿ. ಷಿಕಾಗೊದ ಗ್ರೇಟ್ ನಾರ್ದರ್ನ್ ಹೋಟೆಲ್. ಜಾದೂಗಾರರ ಒಂದು ಔತಣ. ಗೌರವದ ಅತಿಥಿ ಹ್ಯಾರಿ ಹುಡಿನಿ. ಆಗ ಅವನಿಗೆ 47. ಕೈಕೋಳ ಹಾಕಿ, ಸರಪಳಿ ಬಿಗಿದು, ನೀರಿನ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಮುಳುಗಿಸಿದ್ರೂ ಬಿಡಿಸ್ಕೊಂಡು ಬರ್ತಿದ್ದ ಮನುಷ್ಯ. ಬಹಳ ಜನಕ್ಕೆ ಗೊತ್ತಿಲ್ಲ, ಹುಡಿನಿ ಶುರುವಿನ ದಿನಗಳಲ್ಲಿ ತನ್ನನ್ನ 'ಕಿಂಗ್ ಆಫ್ ಕಾರ್ಡ್ಸ್' ಅಂತ ಕರ್ಕೊಳ್ತಿದ್ದ. ಅವನ ಸವಾಲು ಒಂದಿತ್ತು: ಯಾವುದೇ ಕಾರ್ಡ್ ಟ್ರಿಕ್ ಮೂರು ಸಲ ತೋರಿಸಿ, ಹೇಗೆ ಮಾಡಿದ್ದು ಅಂತ ನಾನು ಹೇಳ್ತೀನಿ.

ವರ್ನನ್‌ಗೆ ಆಗ 27 ವರ್ಷ. ಹೆಚ್ಚುಕಮ್ಮಿ ನನ್ನ ವಯಸ್ಸು, ನಿಮ್ಮಲ್ಲೂ ಹಲವರ ವಯಸ್ಸು. ಅವನು ಹುಡಿನಿಗೆ ಒಂದು ಎಲೆ ಆರಿಸೋಕೆ ಹೇಳಿದ. ಅದರ ಮೇಲೆ ಹುಡಿನಿಯಿಂದಲೇ ಹೆಸರಿನ ಮೊದಲಕ್ಷರ ಬರೆಸಿದ. ಆ ಎಲೆಯನ್ನ ಕಟ್ಟಿನೊಳಗೆ ತಳ್ಳಿದ. ಮೇಲಿನ ಎಲೆ ತಿರುಗಿಸಿದ. ಅಲ್ಲಿತ್ತು, ಹುಡಿನಿ ಅಕ್ಷರ ಬರೆದ ಅದೇ ಎಲೆ.

ಹುಡಿನಿ, ಇನ್ನೊಂದ್ಸಲ ಅಂದ. ವರ್ನನ್ ಮಾಡಿದ. ಮತ್ತೊಂದ್ಸಲ. ಮತ್ತೆ ಮಾಡಿದ. ಎಲೆಯ ಇನ್ನೊಂದು ಪ್ರತಿ ಇರಬೇಕು ಅನ್ನೋ ಅನುಮಾನ ಬಂತು, ಆದ್ರೆ ಸ್ವಂತ ಕೈಬರಹ ಕಣ್ಣೆದುರಿಗೇ ಇದೆಯಲ್ಲ! ಮೂರು ಸಲದ ಸವಾಲು ಮುಗಿದು ಹೋಯ್ತು. ಏಳು ಸಲ ತೋರಿಸಿದ ಅಂತ ಕೆಲವರು, ಎಂಟು ಅಂತ ಕೆಲವರು ಹೇಳ್ತಾರೆ. ಹುಡಿನಿಗೆ ಸಿಗಲಿಲ್ಲ. ಅವತ್ತಿಂದ ವರ್ನನ್‌ಗೆ ಒಂದು ಬಿರುದು ಅಂಟಿಕೊಂಡ್ತು: ಹುಡಿನಿಯನ್ನ ಮೂರ್ಖನಾಗಿಸಿದವನು. ಅವನೂ ಅದನ್ನ ಪ್ರಚಾರಕ್ಕೆ ಬಳಸ್ಕೊಂಡ.

ಇಂಗ್ಲಿಷಲ್ಲಿ ಈ ಟ್ರಿಕ್‌ಗೆ 'ಆಂಬಿಷಸ್ ಕಾರ್ಡ್' ಅಂತಾರೆ. ಮಹತ್ವಾಕಾಂಕ್ಷೆಯ ಎಲೆ. ಎಷ್ಟು ಸಲ ನಡುವೆ ತಳ್ಳಿದ್ರೂ ಮೇಲಕ್ಕೇ ಬರೋ ಎಲೆ.

ಗುಟ್ಟು ಹೇಳಿಬಿಡ್ತೀನಿ

ವರ್ನನ್ ಆವತ್ತು ಯಾವ ದಾರಿ ಹಿಡಿದ ಅನ್ನೋದು ಬಿಡಿ. ಇವತ್ತು ಈ ಟ್ರಿಕ್ ಕಲಿಯೋರೆಲ್ಲ ಶುರು ಮಾಡೋ ದಾರಿ ಒಂದಿದೆ. ಅದು ಮಕ್ಕಳ ಜಾದೂ ಪುಸ್ತಕದಲ್ಲೂ ಸಿಗುತ್ತೆ, ಹಾಗಾಗಿ ಹೇಳೋದ್ರಲ್ಲಿ ದ್ರೋಹ ಇಲ್ಲ. ಎರಡು ಎಲೆಗಳನ್ನ ಒಂದೇ ಎಲೆ ಥರ ಹಿಡಿದು ತಿರುಗಿಸೋದು. ಅದಕ್ಕೆ 'ಡಬಲ್ ಲಿಫ್ಟ್' ಅಂತ ಹೆಸರು. ನಿಮಗೆ ಕಾಣೋದು ಎರಡನೇ ಎಲೆಯ ಮುಖ, ನಿಮ್ಮದೇ ಎಲೆ. ಜೋಡಿಯನ್ನ ಮತ್ತೆ ಕವುಚಿ ಇಟ್ಟು, ಮೇಲಿನ ಒಂದನ್ನ ನಡುವೆ ತಳ್ತಾರೆ. ನಡುವೆ ಹೋದದ್ದು ಯಾವುದೋ ಎಲೆ. ನಿಮ್ಮದು ಮೇಲೇ ಉಳಿದಿದೆ. ಅಷ್ಟೇ.

ಹತ್ತು ಸೆಕೆಂಡಲ್ಲಿ ಹೇಳಿ ಮುಗಿಸಿದೆ. ಈಗ ಮಾಡಿ ನೋಡಿ. ಎರಡು ಎಲೆ ಅಂಚು ತಪ್ಪಿ ಬೇರೆ ಬೇರೆ ಕಾಣುತ್ತೆ. ಸರಿ ಹಿಡಿದ್ರೆ ಬೆರಳು ಬಿಗಿಯಾಗುತ್ತೆ, ಬೆರಳು ಬಿಗಿಯಾದ್ರೆ ಎದುರಿಗಿರೋನಿಗೆ ಏನೋ ನಡೀತಿದೆ ಅನ್ನೋ ವಾಸನೆ ಬಡಿಯುತ್ತೆ. ಬೆರಳು ಸಡಿಲ ಬಿಟ್ಟು, ಒಂದೇ ಎಲೆ ತಿರುಗಿಸಿದಷ್ಟೇ ಸಲೀಸಾಗಿ ಎರಡನ್ನ ತಿರುಗಿಸೋಕೆ ನನಗೆ ಹತ್ತಿರ ಹತ್ತಿರ ಏಳು ತಿಂಗಳು ಬೇಕಾಯ್ತು. ವರ್ನನ್ ಜೀವನಪೂರ್ತಿ ತನ್ನ ಶಿಷ್ಯರಿಗೆ ಹೇಳಿದ್ದೂ ಇದನ್ನೇ: ಸಹಜವಾಗಿರು. ಜಾದೂ ಇಲ್ಲದಾಗ ಎಲೆ ಹೇಗೆ ಹಿಡೀತೀಯೋ, ಜಾದೂ ಮಾಡುವಾಗ್ಲೂ ಹಾಗೇ ಹಿಡಿ.

ಆಗ ನನ್ನ ಬಿಕಾಂ ತಲೆಗೆ ಒಂದು ಲೆಕ್ಕ ಹೊಳೀತು. ನಾನು ನಲವತ್ತು ಗುಟ್ಟು ಕೂಡಿಹಾಕಿದ್ದೆ, ಅದೆಲ್ಲಾ ಆಸ್ತಿ ಅಂದ್ಕೊಂಡಿದ್ದೆ. ನಿಜಕ್ಕೂ ಗುಟ್ಟಿಗೆ ಮಾರ್ಕೆಟ್ಟಲ್ಲಿ ಬೆಲೆಯೇ ಇಲ್ಲ, ಫೋನಲ್ಲಿ ಪುಕ್ಕಟೆ ಸಿಗುತ್ತೆ. ಬೆಲೆ ಇರೋದು ಆ ಏಳು ತಿಂಗಳಿಗೆ.

ಇನ್ನೊಂದು ವಿಷಯ. ಈ ಟ್ರಿಕ್ ನಿಲ್ಲೋದು ನೋಡೋನ ಅನುಮಾನದ ಮೇಲೆ. ಮೊದಲ ಸಲ ಎಲೆ ಮೇಲೆ ಬಂದಾಗ ಅವನು ನಗ್ತಾನೆ. ಎರಡನೇ ಸಲ, ಓ, ಇನ್ನೊಂದು ಅದೇ ಎಲೆ ಇಟ್ಕೊಂಡಿದ್ದಾನೆ ಅಂತ ಯೋಚಿಸ್ತಾನೆ. ಆಗ ಸಹಿ ತೋರಿಸ್ಬೇಕು. ಮೂರನೇ ಸಲ, ನೀನು ನಿಜವಾಗ್ಲೂ ನಡುವೆ ಇಡ್ತಿಲ್ಲ ಅಂತಾನೆ. ಆಗ ಅವನ ಕೈಯಿಂದಲೇ ತಳ್ಳಿಸ್ಬೇಕು. ಕೊನೆಗೆ ಎಲೆಯನ್ನ ಸ್ವಲ್ಪ ಬಾಗಿಸಿ, ನಡುವಿಂದ ಮೇಲಕ್ಕೆ ಬರೋದು ಕಣ್ಣಿಗೇ ಕಾಣೋ ಹಾಗೆ ಮುಗಿಸೋರಿದ್ದಾರೆ. ಒಂದೊಂದು ಹಂತವೂ ಅವನ ಮನಸ್ಸಲ್ಲಿರೋ ಒಂದೊಂದು ಪ್ರಶ್ನೆಗೆ ಉತ್ತರ. ಅಂದ್ರೆ ಎದುರಿಗೆ ಕೂತೋನ ತಲೇಲಿ ಏನು ಓಡ್ತಿದೆ ಅಂತ ಕೇಳಿಸ್ಕೊಳ್ಳಬೇಕು. ನನ್ನ ರೂಮ್‌ಮೇಟ್ ಮುಂದೆ ನಾನು ಅದೊಂದನ್ನ ಮಾಡಿರ್ಲಿಲ್ಲ. ನನ್ನ ಕಣ್ಣೆಲ್ಲ ನನ್ನ ಕೈ ಮೇಲೇ ಇತ್ತು.

ಯಾರೂ ನೋಡಬಾರದ ಕೈಚಳಕ

ಹತ್ತು ವರ್ಷ ಮುಂದೆ ಹೋಗೋಣ. 1932. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ವರ್ನನ್ ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಲ್ಲಿ ಹೊಟ್ಟೆಪಾಡಿಗೆ ಕಪ್ಪು ಕಾಗದದಲ್ಲಿ ಜನರ ಮುಖದ ನೆರಳುಚಿತ್ರ ಕತ್ತರಿಸಿ ಕೊಡ್ತಿದ್ದ. ಅಲ್ಲಿನ ಜೈಲಲ್ಲಿದ್ದ ಒಬ್ಬ ಜೂಜುಗಾರ ಅವನಿಗೆ ಒಂದು ಸುದ್ದಿ ಹೇಳಿದ: ಕಟ್ಟಿನ ನಡುವಿನಿಂದ ಎಲೆ ಎಳೆದು ಹಂಚೋ ಒಬ್ಬ ಇದ್ದಾನೆ, ನಾನೇ ನೋಡಿದ್ದೀನಿ.

ಇದು ಯಾಕೆ ದೊಡ್ಡ ಸುದ್ದಿ? ಅಡಿಯಿಂದ ಎಳೆಯೋ ಮೋಸಕ್ಕೆ ಆಟಗಾರರ ಹತ್ತಿರ ಮದ್ದಿದೆ. ಹಂಚೋ ಮುಂಚೆ ಕಟ್ಟನ್ನ ಎರಡು ಭಾಗ ಮಾಡಿ ಮೇಲಿನದನ್ನ ಕೆಳಗೆ ಹಾಕ್ತಾರೆ, ಅಂದ್ರೆ ಕಟ್ ಮಾಡ್ತಾರೆ. ಆಗ ಅಡಿಯಲ್ಲಿದ್ದ ಎಲೆಗಳು ನಡುವೆ ಹೋಗಿಬಿಡುತ್ತೆ. ನಡುವಿನಿಂದಲೇ ಎಳೆಯೋನು ಇದ್ರೆ ಆ ಮದ್ದೂ ಕೆಲಸ ಮಾಡಲ್ಲ. ಜಾದೂಗಾರರು ಇದು ಆಗದ ಕೆಲಸ ಅಂದ್ಕೊಂಡಿದ್ರು.

ವರ್ನನ್ ಹುಡುಕ್ಕೊಂಡು ಹೊರಟ. ಕೊನೆಗೆ ಮಿಸೌರಿ ರಾಜ್ಯದ ಪ್ಲೆಸೆಂಟ್ ಹಿಲ್ ಅನ್ನೋ ಸಣ್ಣ ಊರಲ್ಲಿ ಸಿಕ್ಕಿದ, ಅಲೆನ್ ಕೆನಡಿ. ವರ್ಷಗಟ್ಟಲೆ ಒಂದೇ ಒಂದು ಚಲನೆಯನ್ನ ಅಭ್ಯಾಸ ಮಾಡಿದ್ದ ಮನುಷ್ಯ. ಅವನು ಮಾಡಿ ತೋರಿಸಿದ. ವರ್ನನ್ ಬೆರಗಾಗಿ ನೋಡಿದ.

ಈ ಕಥೆ ಓದಿದಾಗ ನನಗೆ ಒಂಥರಾ ಸಂಕಟ ಆಯ್ತು. ಯೋಚನೆ ಮಾಡಿ. ಅಷ್ಟು ಚೆನ್ನಾಗಿ ಆ ಕೆಲಸ ಬರೋನು ಅವನು. ಆದ್ರೆ ಯಾರೂ ಚಪ್ಪಾಳೆ ತಟ್ಟೋ ಹಾಗಿಲ್ಲ. ಒಬ್ಬನೇ ಒಬ್ಬ ನೋಡಿದ್ರೂ ಅವನ ಕಥೆ ಮುಗೀತು. ಅವನ ಕೈಚಳಕ ಚೆನ್ನಾಗಿದ್ದಷ್ಟೂ ಎದುರಿಗೆ ಕೂತೋನ ಮನೆ ಬರಿದಾಗುತ್ತೆ. ಅದೇ ಕೈಚಳಕ ವರ್ನನ್ ಕೈಗೆ ಬಂದ್ರೆ ಎದುರಿಗೆ ಕೂತೋನು ಬಾಯಿ ಬಿಟ್ಟು ನಗ್ತಾನೆ, ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಹೇಳ್ತಾನೆ. ಅದೇ ಬೆರಳು, ಅದೇ 52 ಎಲೆ. ಆ ಚಲನೆಯ ಲಾಭ ಯಾರ ಖಾತೆಗೆ ಹೋಗುತ್ತೆ ಅನ್ನೋದಷ್ಟೇ ವ್ಯತ್ಯಾಸ.

ವರ್ನನ್ 1992ರವರೆಗೆ ಬದುಕಿದ್ದ, 98 ವರ್ಷ. ಕೊನೆಯ ದಶಕಗಳನ್ನ ಹಾಲಿವುಡ್‌ನ ಮ್ಯಾಜಿಕ್ ಕ್ಯಾಸಲ್‌ನಲ್ಲಿ ಹುಡುಗರಿಗೆ ಕಲಿಸ್ತಾ ಕಳೆದ. ಎಲ್ಲರೂ ಅವನನ್ನ ಪ್ರೊಫೆಸರ್ ಅಂತಿದ್ರು.

ಒಂದೇ ಕೈಯ ಬ್ಯಾಂಕ್ ಗುಮಾಸ್ತ

ಇನ್ನೊಬ್ಬನನ್ನ ಹೇಳದೆ ಮುಗಿಸೋ ಹಾಗಿಲ್ಲ. ಕಾಮರ್ಸ್ ಓದಿದವರಿಗೆ ಇವನು ಹತ್ತಿರದವನು, ಯಾಕಂದ್ರೆ ಬ್ಯಾಂಕಲ್ಲಿ ಕೆಲಸ ಮಾಡ್ತಿದ್ದ. ಅರ್ಜೆಂಟೀನಾದ ರೆನೆ ಲವಾಂಡ್. ಹುಟ್ಟಿದ್ದು 1928. ಒಂಬತ್ತನೇ ವಯಸ್ಸಲ್ಲಿ ಕಾರು ಹರಿದು ಬಲಗೈ ಹೋಯ್ತು. ಅವನು ಬಲಗೈಯವನೇ. ಕಾರ್ಡ್ ಮ್ಯಾಜಿಕ್ ಪುಸ್ತಕಗಳೆಲ್ಲ ಎರಡು ಕೈ ಇರೋರಿಗೆ ಬರೆದದ್ದು. ಹಾಗಾಗಿ ಎಡಗೈ ಒಂದರಲ್ಲೇ ಎಲ್ಲವನ್ನೂ ತಾನೇ ಹೊಸದಾಗಿ ಕಂಡುಹಿಡ್ಕೊಂಡ. ಹಗಲು ಟಾಂಡಿಲ್ ಊರಿನ ಬ್ಯಾಂಕಲ್ಲಿ ಲೆಕ್ಕ, ಉಳಿದ ಹೊತ್ತು ಎಲೆ. ಮೂವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಪೂರ್ತಿ ಜಾದೂಗೆ ಬಂದ.

ಅವನ ಪ್ರಸಿದ್ಧ ಟ್ರಿಕ್‌ನಲ್ಲಿ ಇರೋದು ಆರೇ ಎಲೆ. ಮೂರು ಕೆಂಪು, ಮೂರು ಕಪ್ಪು. ಒಂದು ಕೆಂಪು ಒಂದು ಕಪ್ಪು ಅಂತ ಬೆರೆಸಿ ಇಡ್ತಾನೆ. ಎಣ್ಣೆ ನೀರು ಬೇರೆಯಾದ ಹಾಗೆ ಕೆಂಪೆಲ್ಲ ಒಂದು ಕಡೆ, ಕಪ್ಪೆಲ್ಲ ಒಂದು ಕಡೆ ಆಗುತ್ತೆ. ಮತ್ತೆ ಮಾಡ್ತಾನೆ, ಮೊದಲಿಗಿಂತ ನಿಧಾನವಾಗಿ. ಇದಕ್ಕಿಂತ ನಿಧಾನ ಮಾಡೋಕೆ ಆಗಲ್ಲ ಅಂತಾನೆ. ಆಮೇಲೆ ಇನ್ನೂ ನಿಧಾನ ಮಾಡ್ತಾನೆ. ಟ್ರಿಕ್‌ಗೆ ಅದೇ ಹೆಸರು. ಕಣ್ಣಿಗಿಂತ ಕೈ ವೇಗ ಅಂತಾರಲ್ಲ ಜನ, ಅದನ್ನೇ ಅವನು ತಲೆಕೆಳಗು ಮಾಡಿದ. 2015ರಲ್ಲಿ ತೀರ್ಕೊಂಡ. ವಿಡಿಯೋ ಹುಡುಕಿ ನೋಡಿ. ಸ್ಪ್ಯಾನಿಷ್ ಬರದಿದ್ರೂ ಪರವಾಗಿಲ್ಲ. ಅವನು ಯಾರನ್ನೂ ಸೋಲಿಸೋಕೆ ಕೂತಿಲ್ಲ ಅನ್ನೋದು ಮುಖ ನೋಡಿದ್ರೇ ಗೊತ್ತಾಗುತ್ತೆ.

ಅಜ್ಜಿಯ ಎಲೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಧೈರ್ಯ ಮಾಡಿ ಕಟ್ಟನ್ನ ಜೇಬಲ್ಲಿಟ್ಕೊಂಡು ಹೋದೆ. ನಲವತ್ತು ಟ್ರಿಕ್ ಅಲ್ಲ. ಒಂದೇ. ಕಾನೂನು ಮುರಿಯೋದು ಬೇಡ ಅಂತ ಹೊಸಿಲ ಹೊರಗೆ, ಜಗಲಿ ಮೇಲೆ ಕೂತೆ. ಅಜ್ಜಿ ಎಲೆ ಅಡಿಕೆ ತಟ್ಟೆ ಮುಂದಿಟ್ಕೊಂಡು ಕೂತಿದ್ರು. ಕಟ್ಟು ನೋಡಿದ ಕೂಡಲೇ ಮುಖ ಗಂಟಾಯ್ತು.

"ಅಜ್ಜಿ, ಆಟ ಅಲ್ಲ. ದುಡ್ಡೂ ಇಲ್ಲ. ಒಂದು ಎಲೆ ತಗೋ, ಅಷ್ಟೇ" ಅಂದೆ.

ಬಹಳ ಹೊತ್ತು ನೋಡಿ, ಒಂದು ಎಳೆದ್ರು. ಆಟೀನ್ ರಾಣಿ. ಗುರುತು ಹಾಕು ಅಂತ ಪೆನ್ ಕೊಟ್ಟೆ. ಅಜ್ಜಿ ಪೆನ್ ಮುಟ್ಟಲಿಲ್ಲ. ತಟ್ಟೆಯ ಸುಣ್ಣದಲ್ಲಿ ಹೆಬ್ಬೆರಳು ಅದ್ದಿ ರಾಣಿಯ ಮುಖದ ಮೇಲೆ ಒತ್ತಿದ್ರು. ನನ್ನ ಎದೆ ಧಸಕ್ ಅಂತು. ಸುಣ್ಣ ಒಣಗದಿದ್ರೆ ಎಲೆ ಅಂಟುತ್ತೆ, ಏಳು ತಿಂಗಳ ಅಭ್ಯಾಸ ಹಾಳು. ಒಣಗೋವರೆಗೂ ಮಾತಾಡಿಸ್ತಾ ಕೂತೆ. ಲವಾಂಡ್ ನೆನಪಾದ. ನಿಧಾನ.

ಆಮೇಲೆ ಹೇಳಿದೆ: "ಒಣಗಿದ ತೆಂಗಿನಕಾಯಿ ಬಾವಿಗೆ ಹಾಕಿ ಎಷ್ಟೇ ಒತ್ತಿದ್ರೂ ಮೇಲೆ ಬರುತ್ತಲ್ಲ ಅಜ್ಜಿ, ಈ ರಾಣೀನೂ ಹಂಗೇ." ನಡುವೆ ತಳ್ಳಿದೆ. ಮೇಲಿನ ಎಲೆ ತಿರುಗಿಸಿದೆ. ಸುಣ್ಣದ ಹೆಬ್ಬೆರಳು.

ಅಜ್ಜಿ ಏನೂ ಅನ್ನಲಿಲ್ಲ. ಎರಡನೇ ಸಲ ಮಾಡಿದೆ. ಮೂರನೇ ಸಲ ಅವರೇ ಕೈಯಾರೆ ತಳ್ಳಿದ್ರು. ರಾಣಿ ಮೇಲೆ ಬಂದಾಗ ಬಾಯಿಗೆ ಸೆರಗು ಒತ್ಕೊಂಡು ನಕ್ಕರು. ಅಷ್ಟು ನಕ್ಕಿದ್ದನ್ನ ನಾನು ನೋಡೇ ಇರ್ಲಿಲ್ಲ.

ನಗು ನಿಂತ ಮೇಲೆ ಕಟ್ಟನ್ನೇ ನೋಡ್ತಾ ಕೇಳಿದ್ರು, "ಮಗಾ, ಅಡಿಯಿಂದ ಎಲೆ ಎಳೆಯಕ್ಕೂ ಬತ್ತದಾ ನಿನಗೆ?"

ನನಗೆ ಮಾತೇ ಹೊರಡಲಿಲ್ಲ. ಆ ಚಲನೆ ಅಜ್ಜಿಗೆ ಹೇಗೆ ಗೊತ್ತು?

"ನಿಮ್ಮ ತಾತನ ಜೊತೆ ಆಡಕ್ಕೆ ಬತ್ತಿದ್ದನಲ್ಲ ಒಬ್ಬ, ಅವನು ಎಳೀತಿದ್ದ. ಬಾಗಿಲ ಸಂದಿಯಿಂದ ನೋಡಿದ್ದೆ ನಾನು. ಹೇಳ್ದೆ. ಹೆಂಗಸು, ನಿನಗೇನು ತಿಳಿತದೆ ಆಟ ಅಂದ್ರು."

ಹುಡಿನಿಗೆ ಹೆಸರಿತ್ತು, ಸವಾಲು ಹಾಕೋ ಜಾಗ ಇತ್ತು, ಆದ್ರೂ ಗುಟ್ಟು ಹಿಡಿಯೋಕೆ ಆಗಲಿಲ್ಲ. ನಮ್ಮಜ್ಜಿ ಹಿಡಿದಿದ್ರು. ಹೇಳಿಯೂ ಇದ್ರು. ಆ ಮಾತು ನಡೆದಿದ್ರೆ ಕೆರೆ ಪಕ್ಕದ ತೋಟ ಇವತ್ತೂ ನಮ್ಮದೇ ಆಗಿರ್ತಿತ್ತೇನೋ. ತಾತ ಕಳ್ಕೊಂಡಿದ್ದು ಜಗಲಿ ಮೇಲೆ. ನಮ್ಮ ತಲೆಮಾರು ಫೋನ್ ಒಳಗೇ ಕಳ್ಕೊಳ್ಳುತ್ತೆ, ಅಲ್ಲಿ ಬಾಗಿಲ ಸಂದಿಯಿಂದ ನೋಡೋಕೂ ಯಾರೂ ಇರಲ್ಲ.

"ಬರುತ್ತೆ ಅಜ್ಜಿ" ಅಂದೆ. "ತೋರಿಸು" ಅಂದ್ರು.

ತೋರಿಸಿದೆ. ಮೊದಲು ಸಾಮಾನ್ಯ ವೇಗದಲ್ಲಿ. ಆಮೇಲೆ ನಿಧಾನಕ್ಕೆ. ಆಮೇಲೆ ಇನ್ನೂ ನಿಧಾನಕ್ಕೆ, ಬೆರಳು ಎಲ್ಲಿ ಹೋಗುತ್ತೆ, ಎಲೆ ಎಲ್ಲಿಂದ ಬರುತ್ತೆ, ಎಲ್ಲಾ ಕಾಣೋ ಹಾಗೆ. ಅಜ್ಜಿ ಕಣ್ಣು ಮಿಟುಕಿಸದೆ ನೋಡಿದ್ರು.

"ಹೂಂ. ಇದೇ" ಅಂದ್ರು. ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳ್ಕೊಂಡು, ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, "ಇನ್ನೊಂದ್ಸಲ ರಾಣಿ ಮೇಲೆ ಬರಿಸು."

ಆ ರಾಣಿ ಈಗ ನನ್ನ ಪರ್ಸಲ್ಲಿದೆ, ಸುಣ್ಣದ ಗುರುತಿನ ಜೊತೆ. ಕಟ್ಟಲ್ಲಿ 51 ಎಲೆ ಉಳಿದಿದೆ.

ನೀವು ಕಲಿಯೋದಾದ್ರೆ ಒಂದೇ ಟ್ರಿಕ್ ಇಂದ ಶುರು ಮಾಡಿ. ಕನ್ನಡಿ ಮುಂದೆ ಬೇಕಾದಷ್ಟು ಮಾಡಿ, ಆದ್ರೆ ಜನರ ಮುಂದೆ ಕೂತಾಗ ನಿಮ್ಮ ಕೈ ನೋಡ್ಬೇಡಿ, ಅವರ ಮುಖ ನೋಡಿ. ಮುಂದಿನ ವಾರ ಮತ್ತೊಂದು ಕಥೆ ಜೊತೆ ಸಿಗ್ತೀನಿ. ಅಲ್ಲಿವರೆಗೂ ಆರಾಮಾಗಿರಿ. ನಮಸ್ಕಾರ.